ತಮ್ಮನಿಗೆ ಮರಾಠಾ ಸೆಂಟರ್‌ನಿಂದ ಕರೆ ಬಂದಿದೆ, 31 ವಾರದ ಟ್ರೈನಿಂಗ್ ಸಾಕಾಗುತ್ತಾ?

ಕರದಂಟು_ಗೋಕಾಕ

ಎಲ್ಲರಿಗೂ ನಮಸ್ಕಾರ. ನಮ್ಮದು ಗೋಕಾಕ ತಾಲ್ಲೂಕಿನ ಒಂದು ಹಳ್ಳಿ, ನಾನು ಈಗ ಇರೋದು ಬೆಂಗಳೂರಿನಲ್ಲಿ. ತಮ್ಮನಿಗೆ 19 ವರ್ಷ, ಅಗ್ನಿವೀರ್ ಜನರಲ್ ಡ್ಯೂಟಿಗೆ ಆಯ್ಕೆಯಾಗಿದ್ದಾನೆ. ಆನ್‌ಲೈನ್ ಪರೀಕ್ಷೆ, ರ‍್ಯಾಲಿ, ಮೆಡಿಕಲ್ ಎಲ್ಲಾ ಮುಗಿದು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್‌ಗೆ ಹಾಜರಾಗಬೇಕು ಅಂತ ಬಂದಿದೆ. ಇನ್ನು ಐದು ವಾರ ಇದೆ.

ಊರಲ್ಲಿ ಪೇಢೆ ಹಂಚಿದ್ದೂ ಆಯಿತು. ಆದರೆ ರಾತ್ರಿ ಫೋನ್ ಮಾಡಿದಾಗ ಅವ್ವ ಒಂದೇ ಮಾತು ಕೇಳುತ್ತಾಳೆ: "ಏಳು ತಿಂಗಳದಾಗ ಇವ ಏನು ಕಲಿತಾನು? ಕಲಿತ ಮರುದಿನ ಕಾಶ್ಮೀರಕ್ಕ ಕಳಿಸ್ತಾರೇನು?" ನನ್ನ ಹತ್ತಿರ ಉತ್ತರ ಇಲ್ಲ. 31 ವಾರ ಅಂತ ಓದಿದ್ದೇನೆ, ಅಷ್ಟೇ. ಅದರಲ್ಲಿ ಏನೇನು ಮಾಡಿಸುತ್ತಾರೆ, ಅಷ್ಟರಲ್ಲಿ ಒಬ್ಬ ಹುಡುಗ ನಿಜವಾಗಿ ಯುದ್ಧಕ್ಕೆ ತಯಾರಾಗುತ್ತಾನಾ ಅನ್ನೋದನ್ನು ಒಳಗಿದ್ದು ಬಂದವರೇ ಹೇಳಬೇಕು.

ಅವನಿಗೆ ಮಾತ್ರ ಯಾವ ಅನುಮಾನವೂ ಇಲ್ಲ. 1.6 ಕಿ.ಮೀ. 5 ನಿಮಿಷ 10 ಸೆಕೆಂಡಿಗೆ ಓಡುತ್ತಾನೆ, ಬೀಮ್ (ಪುಲ್-ಅಪ್) 10 ಹೊಡೆಯುತ್ತಾನೆ, ರ‍್ಯಾಲಿಯಲ್ಲಿ ಎರಡಕ್ಕೂ ಪೂರ್ತಿ ಅಂಕ, 60 ಮತ್ತು 40. ಇನ್ನೇನು ಉಳಿದಿದೆ ಅನ್ನೋ ಧಾಟಿಯಲ್ಲಿ ಬೆಳಗ್ಗೆ ಎದ್ದು ಟಾರ್ ರಸ್ತೆ ಮೇಲೆ ಓಡುತ್ತಾನೆ, ಉಳಿದ ಹೊತ್ತು ಮೊಬೈಲ್. ಈ ಐದು ವಾರದಲ್ಲಿ ಅವನು ಏನು ಮಾಡಬೇಕು? ದಯವಿಟ್ಟು ಸುಮ್ನೆ "ಜೈ ಹಿಂದ್" ಅಂತ ಬರೆದು ಹೋಗಬೇಡಿ, ಅದು ನಮ್ಮ ಮನೆಯಲ್ಲೂ ಇದೆ.

---

ಮಾಜಿ_ಹವಾಲ್ದಾರ್_ಸವದತ್ತಿ

ತಮ್ಮಾ, ನಾನು 17 ವರ್ಷ ಇನ್‌ಫೆಂಟ್ರಿಯಲ್ಲಿ ಇದ್ದವನು, ಅದರಲ್ಲಿ ಮೂರು ವರ್ಷ ಒಂದು ಸೆಂಟರ್‌ನಲ್ಲಿ ಉಸ್ತಾದ್ ಆಗಿ ರಂಗ್ರೂಟರಿಗೆ, ಅಂದರೆ ಹೊಸ ಭರ್ತಿಯ ಹುಡುಗರಿಗೆ ಕಲಿಸಿದ್ದೇನೆ. ಬರೆಯೋದು ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡ.

ಮೊದಲು ಅವ್ವನ ಪ್ರಶ್ನೆ. ಸೆಂಟರ್ ಯಾರನ್ನೂ ಯುದ್ಧಕ್ಕೆ ತಯಾರು ಮಾಡುವುದಿಲ್ಲ. ಆ ಕೆಲಸ ಪಲ್ಟನ್‌ದು, ಅಂದರೆ ಸೆಂಟರ್ ಮುಗಿಸಿ ಅವನು ಸೇರುವ ಬೆಟಾಲಿಯನ್‌ದು. ನಿಮ್ಮ ಮನೆಯಲ್ಲಿ ಎಳೆ ಹೋರಿ ಪಳಗಿಸಿದ್ದನ್ನು ನೋಡಿರುತ್ತೀ ಅಲ್ವಾ, ಮೊದಲ ದಿನವೇ ರಂಟೆಗೆ ಹೂಡುತ್ತಾರೇನು? ಬರೀ ನೊಗ ಹಾಕಿ, ಹಿಂದೆ ಒಂದು ಕೊರಡು ಕಟ್ಟಿ ನಾಲ್ಕು ದಿನ ಹೊಲದ ತುಂಬಾ ತಿರುಗಿಸುತ್ತಾರೆ. ಸೆಂಟರ್ ಮಾಡೋದು ಕೊರಡು ಎಳೆಸುವ ಕೆಲಸ. ರಂಟೆ ಹೂಡೋದು ಪಲ್ಟನ್‌ಗೆ ಹೋದ ಮೇಲೆ, ಅದೂ ಜೋಡಿಗೆ ಒಂದು ಹಳೆ ಎತ್ತು ಕಟ್ಟಿ.

ಆ 31 ವಾರದಲ್ಲಿ ಮೊದಲ 10 ಬೇಸಿಕ್, ಉಳಿದ 21 ಅಡ್ವಾನ್ಸ್. ಬೇಸಿಕ್‌ನಲ್ಲಿ ಪಿಟಿ, ಡ್ರಿಲ್, ರೈಫಲ್, ಬಯಲಲ್ಲಿ ಮರೆಯಾಗಿ ಚಲಿಸುವುದು, ಸ್ವಲ್ಪ ನಕ್ಷೆ ಓದುವುದು. ಅಡ್ವಾನ್ಸ್‌ನಲ್ಲಿ ಎಲ್‌ಎಂಜಿ (ಹಗುರ ಮಷಿನ್ ಗನ್), ಗ್ರೆನೇಡು, ರಾಕೆಟ್ ಲಾಂಚರ್, ಹತ್ತು ಜನರ ಸೆಕ್ಷನ್ ಹೇಗೆ ದಾಳಿ ಮಾಡಬೇಕು, ರಾತ್ರಿ ಹೇಗೆ ನಡೆಯಬೇಕು, ಮೋರ್ಚಾ, ಅಂದರೆ ಒಳಗೆ ಕೂತು ಗುಂಡು ಹಾರಿಸುವ ಗುಂಡಿ, ಹೇಗೆ ಅಗೆಯಬೇಕು. ಮೋರ್ಚಾ ಅಗೆಯೋದು ಅಂದರೆ ಹೊಲದಲ್ಲಿ ಗುಂಡಿ ತೋಡಿದ ಹಾಗೆ ಅಂದುಕೊಂಡು ನಗುವ ಹುಡುಗರು ಮುಂಜಾನೆ ಹೊತ್ತಿಗೆ ಅಂಗೈ ನೋಡಿಕೊಂಡು ಸುಮ್ಮನಾಗುತ್ತಾರೆ.

ಮೊದಲ ವಾರ ಯಾವ ಹುಡುಗನಿಗೂ ರೈಫಲ್ ಕಷ್ಟ ಕೊಡುವುದಿಲ್ಲ. ಕಷ್ಟ ಕೊಡೋದು ನಿದ್ದೆ, ಬೂಟು ಮತ್ತು ಹಿಂದಿ. ಬೆಳಕು ಹರಿಯುವ ಮೊದಲೇ ಏಳಬೇಕು, ಗಡ್ಡ ಬರದಿದ್ದರೂ ಶೇವ್ ಮಾಡಬೇಕು, ಹಾಸಿಗೆಯ ಚಾದರ ಸುಕ್ಕಿಲ್ಲದೆ ಬಿಗಿದಿರಬೇಕು, ಕರಿ ಟ್ರಂಕಿನ ಬೀಗ ಹಾಕಿರಬೇಕು. ಬೀಗ ಮರೆತರೆ ರಗಡಾ, ಅಂದರೆ ಫ್ರಂಟ್ ರೋಲ್ ಹೊಡೆಯುತ್ತಾ ಮೈದಾನ ಅಳೆಯೋದು. ಒಬ್ಬ ಮರೆತರೆ ಇಡೀ ಸ್ಕ್ವಾಡ್ ಉರುಳಬೇಕು. ಮೊದಲು ಇದೆಲ್ಲ ಹುಚ್ಚಾಟ ಅನಿಸುತ್ತದೆ. ನನಗೂ ಅನಿಸಿತ್ತು. ಆಮೇಲೆ ಎಂಟು ವರ್ಷ ಕಳೆದು ಒಂದು ಪೋಸ್ಟ್‌ನಲ್ಲಿ ಕತ್ತಲಲ್ಲಿ ಕೈ ಚಾಚಿದರೆ ಮ್ಯಾಗಜೀನು, ನೀರಿನ ಬಾಟಲಿ, ಬ್ಯಾಂಡೇಜು ಇಟ್ಟ ಜಾಗದಲ್ಲೇ ಸಿಕ್ಕಾಗ ಆ ಟ್ರಂಕು ನೆನಪಾಯಿತು.

ಡ್ರಿಲ್ ಬಗ್ಗೆ ಜನ ನಗುತ್ತಾರೆ, ಈಗಿನ ಯುದ್ಧದಲ್ಲಿ ಯಾರು ಸಾಲು ಕಟ್ಟಿ ನಡೆಯುತ್ತಾರೆ ಅಂತ. ಯಾರೂ ನಡೆಯುವುದಿಲ್ಲ, ಖರೆ. ಆದರೆ ಮಾತು ಕಿವಿಗೆ ಬಿದ್ದ ಕೂಡಲೇ, ತಲೆ "ಯಾಕೆ" ಅಂತ ಕೇಳುವ ಮೊದಲೇ ಮೈ ಹಂದಾಡಬೇಕು. ಅದನ್ನು ಕಲಿಸೋಕೆ ಮೈದಾನಕ್ಕಿಂತ ಅಗ್ಗದ ಜಾಗ ಇಲ್ಲ.

ಈಗ ರೈಫಲ್. ನನ್ನ ಸ್ಕ್ವಾಡ್‌ನಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಇದ್ದ, ಓಟದಲ್ಲಿ ಎಲ್ಲರಿಗಿಂತ ಮುಂದೆ, ನಿನ್ನ ತಮ್ಮನ ಹಾಗೆ. ಮೊದಲ ಸಲ ಫೈರಿಂಗ್‌ಗೆ ಕರೆದುಕೊಂಡು ಹೋದಾಗ ಐದು ಗುಂಡಿನಲ್ಲಿ ಎರಡು ಬೋರ್ಡಿಗೇ ತಾಗಲಿಲ್ಲ. ಪಕ್ಕದಲ್ಲಿ ಮಲಗಿ ನೋಡಿದೆ, ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚುತ್ತಿದ್ದ, ಭುಜ ಹಿಂದಕ್ಕೆ ಎಳೆಯುತ್ತಿದ್ದ. ಹೊಡೆತ ಬರುತ್ತದೆ ಅಂತ ಮೈ ಮೊದಲೇ ಹೆದರಿಕೊಂಡಿರುತ್ತದೆ. ಬೈದರೆ ಅದು ಹೋಗುವುದಿಲ್ಲ, ಜಾಸ್ತಿ ಆಗುತ್ತದೆ. ಸಂಜೆ ಖಾಲಿ ರೈಫಲ್ ಕೊಟ್ಟು, ನಳಿಗೆಯ ತುದಿ ಹತ್ತಿರ ಒಂದು ರೂಪಾಯಿ ನಾಣ್ಯ ಇಟ್ಟು, "ಒತ್ತು, ನಾಣ್ಯ ಬೀಳಬಾರದು" ಅಂದೆ. ಮೊದಲ ದಿನ ಪ್ರತಿ ಸಲ ಬಿತ್ತು. ನಾಲ್ಕನೇ ಸಂಜೆಗೆ ನಾಣ್ಯ ಕೂತೇ ಇತ್ತು. ಮುಂದಿನ ಫೈರಿಂಗ್‌ನಲ್ಲಿ ಅವನ ಐದೂ ಗುಂಡು ಒಂದು ಅಂಗೈ ಅಗಲದಲ್ಲಿ ಬಿದ್ದವು, ನಡುಮಧ್ಯಕ್ಕಲ್ಲ, ಎಡಕ್ಕೆ ಕೆಳಗೆ. ನನಗೆ ಅಷ್ಟೇ ಬೇಕಿತ್ತು. ಗುಂಪು ಸರಿಯಾಗಿದ್ದರೆ ಜೀರೋಯಿಂಗ್ ಮಾಡಿ, ಅಂದರೆ ರೈಫಲ್ಲಿನ ಸೈಟ್ ಹೊಂದಿಸಿ, ನಡುವಿಗೆ ತರಬಹುದು. ಚೆಲ್ಲಾಪಿಲ್ಲಿ ಬಿದ್ದರೆ ತಪ್ಪು ಹುಡುಗನದು. ಮಜಬೂತ್ ಪಕಡ್, ಸಹೀ ಶಿಸ್ತ್, ಟ್ರಿಗರ್ ಆಪರೇಷನ್, ಈ ಮೂರನ್ನು ಉಸ್ತಾದ್ ದಿನಾ ಹೇಳಿಸುತ್ತಾನೆ. ಶಿಸ್ತ್ ಅಂದರೆ ನಮ್ಮ ಶಿಸ್ತು ಅಲ್ಲ, ಗುರಿ ಹಿಡಿಯೋದು. ನಮ್ಮ ಕಡೆಯ ಹುಡುಗರು ಅದೊಂದು ಪದಕ್ಕೆ ವಾರಗಟ್ಟಲೆ ಗೊಂದಲ ಮಾಡಿಕೊಳ್ಳುತ್ತಾರೆ, "ಶಿಸ್ತ್ ಲೋ" ಅಂದರೆ ಎದ್ದು ಸಾವಧಾನ್ ಆಗಿ ನಿಂತವನನ್ನೂ ನೋಡಿದ್ದೇನೆ.

ಅವನ 1.6 ಕಿ.ಮೀ. ಬಗ್ಗೆ. ಅದು ಚಡ್ಡಿ ಬನಿಯನ್‌ನಲ್ಲಿ ಓಡಿದ್ದು. ಸೆಂಟರ್‌ನಲ್ಲಿ ಬಿಪಿಇಟಿ ಅಂತ ಒಂದು ದೈಹಿಕ ಪರೀಕ್ಷೆ ಇದೆ, 5 ಕಿ.ಮೀ. ಓಟ, ಬೂಟು ಹಾಕಿ, ಬೆನ್ನಿಗೆ ಪಿಠ್ಠು ಚೀಲ, ಕೈಯಲ್ಲಿ ರೈಫಲ್. ಆಮೇಲೆ ಹಗ್ಗ ಹತ್ತೋದು, 9 ಅಡಿ ಗುಂಡಿ ಹಾರೋದು, ಅದೂ ಅದೇ ವೇಷದಲ್ಲಿ. ರ‍್ಯಾಲಿಯಲ್ಲಿ ಮೊದಲು ಬಂದವರು ಇಲ್ಲಿ ನಡುವೆ ಕೂತಿದ್ದನ್ನು ನೋಡಿದ್ದೇನೆ. ಪಾಸ್ ಆಗದಿದ್ದರೆ ರೆಲಿಗೇಟ್ ಮಾಡುತ್ತಾರೆ, ಅಂದರೆ ಹಿಂದೆ ಬರುವ ಹೊಸ ಬ್ಯಾಚ್‌ಗೆ ತಳ್ಳುತ್ತಾರೆ. ಹುಡುಗರಿಗೆ ರಗಡಾಗಿಂತ ಇದೇ ಭಯ.

ಎಲ್ಲಾ ಮುಗಿದ ಮೇಲೆ ಕಸಮ್ ಪರೇಡ್, ಅಂದರೆ ಪ್ರಮಾಣ ಮಾಡೋದು. ಅಪ್ಪ ಅವ್ವನನ್ನು ಕರೆಸುತ್ತಾರೆ, ಅವರಿಗೆ ಗೌರವ್ ಪದಕ ಅಂತ ಒಂದು ಮೆಡಲ್ ಕೊಡುತ್ತಾರೆ. ಅವ್ವನನ್ನು ತಪ್ಪದೆ ಕರೆದುಕೊಂಡು ಹೋಗು, ಗೋಕಾಕದಿಂದ ಬೆಳಗಾವಿ ಏನು ದೂರ.

ಇನ್ನು ಕಾಶ್ಮೀರ. ಸೆಂಟರ್‌ನಿಂದ ರಜೆ ಮುಗಿಸಿ ಪಲ್ಟನ್‌ಗೆ ಹೋಗುತ್ತಾನೆ. ಪಲ್ಟನ್ ಪೀಸ್ ಸ್ಟೇಷನ್‌ನಲ್ಲಿ ಇದ್ದರೆ ಅಲ್ಲಿ, ಗಡಿಯಲ್ಲಿ ಇದ್ದರೆ ಅಲ್ಲಿ, ಅದು ಅವನ ಅದೃಷ್ಟ. ಆದರೆ ಗಡಿಯಲ್ಲಿದ್ದರೂ ಬಸ್ಸಿಳಿದ ಕೂಡಲೇ ಪೋಸ್ಟ್‌ಗೆ ಹತ್ತಿಸುವುದಿಲ್ಲ. ಕಾಶ್ಮೀರ ಕಣಿವೆಗೆ ಹೋಗುವವರಿಗೆ ಖ್ರೂದಲ್ಲಿ, ರಾಜೌರಿ ಕಡೆಗೆ ಹೋಗುವವರಿಗೆ ಸರೋಲ್‌ನಲ್ಲಿ ಕೋರ್ ಬ್ಯಾಟಲ್ ಸ್ಕೂಲ್ ಇದೆ. ಅಲ್ಲಿ ಆ ಜಾಗದ್ದೇ ಪಾಠ: ಅಲ್ಲಿಯ ಮನೆ ಹೇಗಿರುತ್ತವೆ, ಹೊಂಚು ಹಾಕೋದು ಹೇಗೆ, ನೆಲದಲ್ಲಿ ಹುಗಿದ ಬಾಂಬು ಗುರುತಿಸೋದು ಹೇಗೆ. ಎತ್ತರದ ಜಾಗ ಆದರೆ ಇನ್ನೂ ಒಂದು ಲೆಕ್ಕ. 9,000 ಅಡಿ ದಾಟಿದರೆ 6 ದಿನ, 12,000 ದಾಟಿದರೆ ಮತ್ತೆ 4 ದಿನ, 15,000 ದಾಟಿದರೆ ಮತ್ತೆ 4 ದಿನ ಮೈಗೆ ಆ ಗಾಳಿ ಒಗ್ಗಿಸಬೇಕು. ಕರ್ನಲ್ ಸಾಹೇಬರಾದರೂ ಅಷ್ಟೇ, ನಿನ್ನೆ ಬಂದ ಹುಡುಗನಾದರೂ ಅಷ್ಟೇ. ಸಿಯಾಚಿನ್‌ಗೆ ಬೇರೆ ಶಾಲೆಯೇ ಇದೆ.

ಆದರೆ "ಏನೂ ಆಗಲ್ಲ" ಅಂತ ಅವ್ವನಿಗೆ ಸುಳ್ಳು ಹೇಳಬೇಡ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 19 ಮದ್ರಾಸ್ ಪಲ್ಟನ್‌ನ ಹತ್ತು ಜನ ಹೂತುಹೋದರಲ್ಲ, ಅದರಲ್ಲಿ ಮೂವರು ನಮ್ಮ ರಾಜ್ಯದವರು. ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದ ಅಡಿಯಲ್ಲಿ ಇದ್ದು ಜೀವಂತ ಸಿಕ್ಕರು, 11ರಂದು ದೆಹಲಿಯಲ್ಲಿ ಹೋದರು. ಅವರೆಲ್ಲ ಪೂರ್ತಿ ತಯಾರಾದ ಜವಾನರೇ. ಟ್ರೈನಿಂಗ್ ಅಪಾಯ ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಅವ್ವಂದಿರಿಗೆ ಇದು ನಮಗಿಂತ ಮೊದಲೇ ಗೊತ್ತಿರುತ್ತದೆ, ಸುಮ್ನೆ ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

---

ಫಿಸಿಯೋ_ಧಾರವಾಡ

ಹವಾಲ್ದಾರ್ ಸರ್ ಎಲ್ಲಾ ಹೇಳಿದ್ದಾರೆ, ನಾನು ಕಾಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಅಣ್ಣಾ, ನಿಮ್ಮ ತಮ್ಮ ಟಾರ್ ರಸ್ತೆಯ ಮೇಲೆ ಓಡೋದನ್ನು ಇವತ್ತೇ ನಿಲ್ಲಿಸಿ. ನನ್ನ ಹತ್ತಿರ ಬರುವ ಭರ್ತಿ ತಯಾರಿಯ ಹುಡುಗರಲ್ಲಿ ಹೆಚ್ಚಿನವರು ಮೊಣಕಾಲಿನ ಕೆಳಗೆ ಮುಂಗಾಲಿನ ಎಲುಬು ನೋವು ಅಂತಲೇ ಬರುತ್ತಾರೆ. ತೆಳು ಕ್ಯಾನ್ವಾಸ್ ಶೂ, ಗಟ್ಟಿ ರಸ್ತೆ, ದಿನಾ ಅದೇ ದೂರ.

ಎಲುಬು ಕಲ್ಲಲ್ಲ. ಒಮ್ಮೆಲೇ ಜಾಸ್ತಿ ಭಾರ ಬಿದ್ದಾಗ ದೇಹ ಮೊದಲು ಹಳೆ ಎಲುಬನ್ನು ಅಲ್ಲಲ್ಲಿ ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಕೆರೆದದ್ದಕ್ಕೂ ತುಂಬಿದ್ದಕ್ಕೂ ನಡುವೆ ಕೆಲವು ವಾರ ಹೋಗುತ್ತದೆ. ಹಳೆ ಗೋಡೆ ಕೆಡವಿ ಹೊಸ ಗೋಡೆ ಏಳುವ ಮುಂಚೆ ಮನೆ ಹೇಗಿರುತ್ತದೋ ಹಾಗೆ. ಟ್ರೈನಿಂಗ್ ಶುರುವಾದ ಮೊದಲ ಎರಡು ತಿಂಗಳಲ್ಲಿ ಹುಡುಗರ ಎಲುಬು ಈ ಸ್ಥಿತಿಯಲ್ಲಿರುತ್ತದೆ, ಅದೇ ಹೊತ್ತಿಗೆ ಬೂಟು, ಡ್ರಿಲ್, ಭಾರ ಎಲ್ಲಾ ಒಟ್ಟಿಗೆ ಬೀಳುತ್ತದೆ. ಆಗ ಬರೋದೇ ಸ್ಟ್ರೆಸ್ ಫ್ರ್ಯಾಕ್ಚರ್, ಕೂದಲೆಳೆಯಷ್ಟು ಬಿರುಕು.

ನನ್ನ ಚಿಕ್ಕಪ್ಪನ ಮಗನಿಗೇ ಆಗಿದ್ದು ಇದು, ಯಾವ ಸೆಂಟರ್ ಅನ್ನೋದು ಬೇಡ. ಏಳನೇ ವಾರದಲ್ಲಿ ನೋವು ಶುರುವಾಯಿತು. ಹೇಳಿದರೆ ಮೈಗಳ್ಳ ಅಂತಾರೆ ಅಂತ ಮೂರು ವಾರ ಮುಚ್ಚಿಟ್ಟ. ಕೊನೆಗೆ ತೋರಿಸಿದಾಗ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಗುಳಿಗೆ ಕೊಟ್ಟು ಕಳಿಸಿದರು. ಈ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಮಾಮೂಲು. ಅವನು ಮತ್ತೆ ಓಡಿದ, ಕಾಲು ಮುರಿದೇ ಹೋಯಿತು. ಮೂರು ತಿಂಗಳು ಪ್ಲಾಸ್ಟರ್, ರೆಲಿಗೇಷನ್, ಜೊತೆಗಾರರೆಲ್ಲ ಪಾಸಾಗಿ ಹೋದ ಮೇಲೆ ಇವನು ಹೊಸ ಹುಡುಗರ ಜೊತೆ ಮತ್ತೆ ಮೊದಲಿಂದ.

ಗುರುತು ಹೇಳುತ್ತೇನೆ, ತಮ್ಮನಿಗೆ ಕಲಿಸಿ. ನೋವು ಎಲ್ಲಿ ಅಂದರೆ ಇಡೀ ಅಂಗೈ ಇಟ್ಟು ತೋರಿಸಿದರೆ ಸಾಮಾನ್ಯವಾಗಿ ಸ್ನಾಯು ಇಲ್ಲಾ ಎಲುಬಿನ ಮೇಲಿನ ಪೊರೆ. ಒಂದೇ ಬೆರಳಿಟ್ಟು "ಇಲ್ಲೇ" ಅಂದರೆ, ರಾತ್ರಿ ಮಲಗಿದಾಗಲೂ ಕಚ್ಚಿದ ಹಾಗಾದರೆ ಅವತ್ತೇ ಎಂಐ ರೂಮ್‌ಗೆ, ಅಂದರೆ ಸೆಂಟರ್‌ನ ಡಾಕ್ಟರ್ ಹತ್ತಿರ ಹೋಗಬೇಕು. ಇನ್ನೊಂದು, ಬಿಸಿಲಲ್ಲಿ ಓಡಿದ ಮೇಲೆ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಅದು ಮರ್ಯಾದೆ ನೋಡುವ ಹೊತ್ತಲ್ಲ, ಉಸ್ತಾದ್‌ಗೆ ತಕ್ಷಣ ಹೇಳಬೇಕು, ಕಿಡ್ನಿಗೆ ಕುತ್ತು.

ಈಗಿನ ಐದು ವಾರ: ಮಣ್ಣಿನ ದಾರಿ ಅಥವಾ ಕಬ್ಬಿನ ಗದ್ದೆ ಬದು, ವಾರಕ್ಕೆ ನಾಲ್ಕು ದಿನ ಓಟ, ಉಳಿದ ದಿನ ಗಟ್ಟಿ ಬೂಟು ಹಾಕಿ ನಡಿಗೆ, ಮೊದಲು 4 ಕೆ.ಜಿ. ಚೀಲ, ನಿಧಾನಕ್ಕೆ 10. ಬೂಟು ಊರಲ್ಲೇ ಒಗ್ಗಿಸಿಕೊಳ್ಳಲಿ. ಹಾಲು, ರಾಗಿ, ಮೊಟ್ಟೆ ತಿನ್ನಲಿ. ಹೊರಡುವ ಕೊನೇ ವಾರ ಓಟ ಅರ್ಧಕ್ಕೆ ಇಳಿಸಿ, ದಣಿದ ಕಾಲಲ್ಲಿ ಹೋಗಬಾರದು.

---

ಲೆಕ್ಕ_ಕೇಳುವವ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ, ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ. ಹವಾಲ್ದಾರ್ ಸಾಹೇಬರೇ, ಹೋರಿ ಉದಾಹರಣೆ ನನಗೂ ಇಷ್ಟವಾಯಿತು. ಆದರೆ ಹಳೆ ಎತ್ತು ಎಲ್ಲಿಂದ ಬರುತ್ತದೆ?

ಅಗ್ನಿವೀರರನ್ನು ತೆಗೆದುಕೊಳ್ಳುವ ಅಗ್ನಿಪಥ ಯೋಜನೆ 2022ರ ಜೂನ್ 14ರಂದು ಘೋಷಣೆಯಾಯಿತು. ಅದರಲ್ಲಿ ಸೇವೆ ನಾಲ್ಕು ವರ್ಷ, ಅಂದರೆ 208 ವಾರ. 31 ಟ್ರೈನಿಂಗ್‌ಗೆ ಹೋಯಿತು. ವರ್ಷಕ್ಕೆ 30 ದಿನ ರಜೆ ಹಿಡಿದರೆ ಇನ್ನೂ ಸುಮಾರು 17 ವಾರ. ಉಳಿದಿದ್ದು 160, ಮೂರು ವರ್ಷ ಚಿಲ್ಲರೆ. ನೀವೇ ಹೇಳಿದ ಹಾಗೆ ತಯಾರು ಮಾಡೋದು ಪಲ್ಟನ್, ಅಲ್ಲಿ ಒಂದೆರಡು ವರ್ಷ ಆದರೂ ಬೇಕು ಹದಕ್ಕೆ ಬರೋಕೆ. ಹದಕ್ಕೆ ಬಂದ ಕೂಡಲೇ ನೂರರಲ್ಲಿ 75 ಜನರಿಗೆ ನಮಸ್ಕಾರ ಹೇಳಿ 11.71 ಲಕ್ಷದ ಸೇವಾನಿಧಿ ಕೊಟ್ಟು ಮನೆಗೆ. ಹಣದ ಮಾತು ಬಿಡಿ, ಅದು ಬೇರೆ ಚರ್ಚೆ. ನನ್ನ ಪ್ರಶ್ನೆ ಟ್ರೈನಿಂಗ್‌ದು ಮಾತ್ರ: ಕಲಿಸೋಕೆ ಪಟ್ಟ ಕಷ್ಟಕ್ಕೆ ಸಿಕ್ಕ ಕೆಲಸ ಎಷ್ಟು? ಇನ್ನೊಂದು ಭಯ ಏನಂದರೆ, ಸೇನೆಯಲ್ಲೇ ಉಳಿಸಿಕೊಳ್ಳುವ ಆ 25ರಲ್ಲಿ ಒಬ್ಬನಾಗಬೇಕು ಅಂತ ಹುಡುಗರು ಪಕ್ಕದವನನ್ನು ಜೋಡಿ ಅನ್ನೋ ಬದಲು ಪೈಪೋಟಿ ಅಂತ ನೋಡೋಕೆ ಶುರು ಮಾಡಿದರೆ?

---

ಮಾಜಿ_ಹವಾಲ್ದಾರ್_ಸವದತ್ತಿ

ನಿಮ್ಮ ಲೆಕ್ಕ ತಪ್ಪು ಅನ್ನಲ್ಲ. ನಮ್ಮ ಕಾಲದಲ್ಲಿ ಸೆಂಟರ್‌ನಲ್ಲೇ ಒಂಬತ್ತು ತಿಂಗಳ ಮೇಲೆ ಆಗುತ್ತಿತ್ತು, ಆಮೇಲೆ 15-17 ವರ್ಷ. ಆ ಹೆಚ್ಚಿನ ವಾರಗಳಲ್ಲಿ ಕಲಿತದ್ದಕ್ಕಿಂತ, ಒಂದೇ ಪಾಠವನ್ನು ಹತ್ತನೇ ಸಲ ಮಾಡಿದ್ದು ಜಾಸ್ತಿ. ಹತ್ತನೇ ಸಲ ಮಾಡಿದ್ದೇ ಕೈಯಲ್ಲಿ ಉಳಿಯೋದು. ಹಾಗಾಗಿ ವಾರ ಕಡಿಮೆಯಾದರೆ ಪಲ್ಟನ್ ಮೇಲೆ ಭಾರ ಜಾಸ್ತಿ, ಇದು ಖರೆ.

ಆದರೆ ಸದ್ಯ ಸೆಕ್ಷನ್ ಕಮಾಂಡರ್ ಆಗಿರುವವನು ಹಳೇ ಭರ್ತಿಯವನೇ, ಎತ್ತು ಇನ್ನೂ ಕೊಟ್ಟಿಗೆಯಲ್ಲಿದೆ. ಉಳಿಸಿಕೊಳ್ಳೋ 25 ಜನರಲ್ಲಿ ಎಂಥವರು ಬರುತ್ತಾರೆ ಅನ್ನೋದರ ಮೇಲೆ ಹತ್ತು ವರ್ಷದ ನಂತರದ ಕಥೆ ನಿಂತಿದೆ. ಪೈಪೋಟಿ ಭಯ ನನಗೂ ಇದೆ. ಬಡ್ಡಿ ಅಂತ ಜೋಡಿ ಮಾಡುತ್ತಾರಲ್ಲ, ಇಬ್ಬರು ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಒಬ್ಬನ ತಪ್ಪಿಗೆ ಇನ್ನೊಬ್ಬ ರಗಡಾ ತಿನ್ನೋದು, ಅದು ಇರೋದೇ ಇಂಥ ಬುದ್ಧಿ ತಲೆಗೆ ಹತ್ತದಿರಲಿ ಅಂತ. ಒಳ್ಳೆ ಉಸ್ತಾದ್ ಆದರೆ ಓಟದಲ್ಲಿ ಮೊದಲು ಬಂದವನನ್ನಲ್ಲ, ಹಿಂದೆ ಬಿದ್ದವನ ರೈಫಲ್ ಇಸಿದುಕೊಂಡು ಜೊತೆಗೆ ಓಡಿ ಬಂದವನನ್ನು ಹೊಗಳುತ್ತಾನೆ. ಎಲ್ಲಾ ಉಸ್ತಾದರು ಹಾಗಿರುತ್ತಾರೆ ಅಂತ ಹೇಳೋಕೆ ನನಗೆ ಬಾಯಿ ಬರುವುದಿಲ್ಲ.

---

ಹಳೇ_ಗೆಜೆಟ್

ಈ "ಹಳೆ ಎತ್ತು ಎಲ್ಲಿ" ಅನ್ನೋ ಪ್ರಶ್ನೆ 1943ರಲ್ಲೇ ಬಂದಿತ್ತು, ಅದಕ್ಕೆ ಬಾಯಿ ಹಾಕುತ್ತಿದ್ದೇನೆ. ಎರಡನೇ ಮಹಾಯುದ್ಧ ಶುರುವಾದ 1939ರಲ್ಲಿ ಭಾರತೀಯ ಸೇನೆಯಲ್ಲಿ ಇದ್ದದ್ದು ಸುಮಾರು 2 ಲಕ್ಷ ಜನ, 1945ರ ಹೊತ್ತಿಗೆ 25 ಲಕ್ಷ. ಹೊಸ ಪಲ್ಟನ್ ಕಟ್ಟೋಕೆ ಹಳೇ ಪಲ್ಟನ್‌ನಿಂದ ಅನುಭವಿ ನಾಯಕರು, ಹವಾಲ್ದಾರರನ್ನು ಕಿತ್ತು ಕೊಡುತ್ತಾ ಹೋದರು. ಬರ್ಮಾ ಗಡಿಯ ಅರಾಕಾನ್‌ನಲ್ಲಿ 1942-43ರಲ್ಲಿ ಜಪಾನೀಯರ ಮೇಲೆ ಮಾಡಿದ ದಾಳಿ ನೆಲಕಚ್ಚಿತು. ಸತ್ತವರ ಜಾಗಕ್ಕೆ ಸೆಂಟರ್‌ಗಳಿಂದ ಹುಡುಗರು ಬಂದರು, ಕಾಡು ಅಂದರೆ ಏನಂತಲೇ ಗೊತ್ತಿಲ್ಲ.

ಆಗ ಒಂದು ಸಮಿತಿ ಕೂತಿತು, ಇನ್‌ಫೆಂಟ್ರಿ ಕಮಿಟಿ ಅಂತ, 1943ರ ಜೂನ್‌ನಲ್ಲಿ. ಅವರು ಕಂಡುಕೊಂಡ ಉಪಾಯ ಇಷ್ಟೇ: ಸೆಂಟರ್‌ಗೂ ಪಲ್ಟನ್‌ಗೂ ನಡುವೆ ಇನ್ನೊಂದು ಮೆಟ್ಟಿಲು ಇಡೋಣ. ಯುದ್ಧ ಮಾಡಿ ಬಂದಿದ್ದ ಎರಡು ಡಿವಿಜನ್‌ಗಳನ್ನೇ, 14ನೆಯದು ಮತ್ತು 39ನೆಯದು, ಟ್ರೈನಿಂಗ್ ಡಿವಿಜನ್ ಮಾಡಿದರು. ಒಂದು ಛಿಂದ್ವಾಡಾದಲ್ಲಿ, ಇನ್ನೊಂದು ಸಹಾರನ್‌ಪುರದ ಕಡೆ. ಸೆಂಟರ್ ಮುಗಿಸಿ ಬರ್ಮಾ ಕಡೆ ಹೋಗುವ ಇನ್‌ಫೆಂಟ್ರಿ ಹುಡುಗರು ಅಲ್ಲಿ ಎರಡು ತಿಂಗಳು ಕಾಡಿನಲ್ಲಿ ಇರಬೇಕು, ಕಲಿಸುವವರು ಜಪಾನೀಯರ ವಿರುದ್ಧ ಹೋರಾಡಿ ಬಂದವರು. 1944ರಲ್ಲಿ ಇಂಫಾಲ, ಕೊಹಿಮಾದಲ್ಲಿ ನಿಂತದ್ದು ಹೀಗೆ ತಯಾರಾದ ಸೇನೆ. ಅದೊಂದೇ ಕಾರಣ ಅನ್ನೋಕಾಗಲ್ಲ, ವಿಮಾನದಿಂದ ರೇಷನ್ ಇಳಿಸಿದ್ದು, ಮಲೇರಿಯಾ ತಡೆದದ್ದು ಎಲ್ಲಾ ಇತ್ತು. ಆದರೆ ಹೋದ ವರ್ಷ ಕಾಡು ಕಂಡು ಹೆದರಿದವರು ಈ ವರ್ಷ ಅದೇ ಕಾಡಲ್ಲಿ ರಾತ್ರಿ ಗಸ್ತು ಹೋದರು.

ಹವಾಲ್ದಾರರು ಹೇಳಿದ ಖ್ರೂ, ಸರೋಲ್ ಶಾಲೆಗಳನ್ನು ಓದುವಾಗ ನನಗೆ ಈ ಛಿಂದ್ವಾಡಾ ನೆನಪಾಯಿತು. ಆ ಮೆಟ್ಟಿಲು ಮರೆತಾಗ ಏನಾಗುತ್ತದೆ ಅನ್ನೋದಕ್ಕೆ 1962ರ ಚೀನಾ ಯುದ್ಧ ಇದೆಯಲ್ಲ. ಹತ್ತಿ ಬಟ್ಟೆ ಹಾಕಿಕೊಂಡು, ತಲಾ 50 ಗುಂಡು ಹಿಡಿದು, ಮೈ ಎತ್ತರಕ್ಕೆ ಒಗ್ಗುವ ಮುಂಚೆಯೇ ಗಡಿಯ ನಮ್ಕಾ ಚೂ ಹೊಳೆಯ ದಡಕ್ಕೆ ಹೋದವರಲ್ಲಿ ಎಷ್ಟೋ ಜನ ಅನುಭವಿ ಸಿಪಾಯಿಗಳೇ. ಹಾಗಾಗಿ ಪ್ರಶ್ನೆ 31 ವಾರವಾ ಅದಕ್ಕಿಂತ ಜಾಸ್ತಿಯಾ ಅನ್ನೋದಲ್ಲ, ಯಾವ ಜಾಗಕ್ಕೆ ಕಳಿಸುತ್ತೀರೋ ಆ ಜಾಗದ ಪಾಠ ಆಗಿದೆಯಾ ಅನ್ನೋದು.

---

ರಜೆ_ಮೇಲೆ_ಬಂದವ

ನಾನು ಈಗ ಸೇವೆಯಲ್ಲಿದ್ದೇನೆ, ಎರಡನೇ ವರ್ಷ. ಯೂನಿಟ್, ಜಾಗ ಕೇಳಬೇಡಿ. ಅಣ್ಣಾ, ತಮ್ಮನಿಗೂ ಇದನ್ನೇ ಹೇಳಿ, ವರ್ದಿ ಫೋಟೊ, ಲೊಕೇಶನ್ ಸ್ಟೇಟಸ್‌ಗೆ ಹಾಕೋ ಹುಚ್ಚು ಈಗಲೇ ಬಿಡಲಿ.

ಉಸ್ತಾದ್ ಸಾಹೇಬರು ಹೇಳಿದ್ದು ಎಷ್ಟು ನಿಜ ಅಂತ ಒಂದು ಸಣ್ಣ ವಿಷಯ ಹೇಳುತ್ತೇನೆ. ಸೆಂಟರ್‌ನಲ್ಲಿ ಒಂದು ಪಾಠ ಇತ್ತು, ರಾತ್ರಿ ಯಾವುದನ್ನೂ ನೇರ ದಿಟ್ಟಿಸಬಾರದು, ಸ್ವಲ್ಪ ಪಕ್ಕಕ್ಕೆ ನೋಡಬೇಕು ಅಂತ. ನಿದ್ದೆಗಣ್ಣಲ್ಲಿ ಕೇಳಿ, ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಪೋಸ್ಟ್‌ನಲ್ಲಿ ಮೊದಲ ರಾತ್ರಿ ಸಂತ್ರಿ ಡ್ಯೂಟಿ. ಎರಡು ಗಂಟೆ ಹೊತ್ತಿಗೆ ಮುಂದಿನ ಪೊದೆ ನಡೆದು ಬರುತ್ತಿದೆ ಅನಿಸಿತು. ದಿಟ್ಟಿಸಿದಷ್ಟೂ ಪೊದೆ ಒಮ್ಮೆ ಮಾಯ, ಒಮ್ಮೆ ಹತ್ತಿರ. ಕೈ ಬೆವರಿತು. ಪಕ್ಕದಲ್ಲಿದ್ದ ನಾಯಕ್ ನನ್ನ ಗದ್ದ ಹಿಡಿದು ನಾಲ್ಕು ಬೆರಳು ಎಡಕ್ಕೆ ತಿರುಗಿಸಿದರು, ಮಾತೇ ಆಡಲಿಲ್ಲ. ಪೊದೆ ಇದ್ದಲ್ಲೇ ನಿಂತಿತು. ಅವರಿಗೆ ಹನ್ನೆರಡು ವರ್ಷ ಸರ್ವಿಸ್. ಲೆಕ್ಕ ಕೇಳಿದ ಅಣ್ಣನ ಮಾತು ಓದುವಾಗ ಅವರೇ ಕಣ್ಣ ಮುಂದೆ ಬಂದರು.

ಇನ್ನು ಹಿಂದಿ. ನನಗೆ ಬರುತ್ತಿದ್ದದ್ದು ಬರೀ ಸಿನಿಮಾ ಹಿಂದಿ. ಸೆಂಟರ್‌ನಲ್ಲಿ "ಉನ್‌ತೀಸ್ ನಂಬರ್ ಜವಾನ್" ಅಂದರೆ 29ಆ 39ಆ ಗೊತ್ತಾಗದೆ ಮೂರು ದಿನ ಸಾಲಾಗಿ ನಿಲ್ಲುವ ಫಾಲಿನ್‌ನಲ್ಲಿ ತಪ್ಪು ಜಾಗಕ್ಕೆ ನಿಂತು ಬೈಸಿಕೊಂಡೆ. ಒಂದರಿಂದ ನೂರರವರೆಗೆ ಹಿಂದಿ ಅಂಕಿ, ದಹಿನೇ-ಬಾಯೇ (ಬಲ-ಎಡ), ಖೋಲ್ನಾ-ಜೋಡ್ನಾ (ಬಿಚ್ಚೋದು-ಜೋಡಿಸೋದು), ಇಷ್ಟು ಕಲಿತು ಹೋದರೆ ಮೊದಲ ತಿಂಗಳು ಅರ್ಧ ಸುಲಭ. ಗೋಕಾಕದವನಾದ್ದರಿಂದ ಮರಾಠಿ ಕಿವಿಗೆ ಬಿದ್ದಿರುತ್ತದೆ, ಆ ಸೆಂಟರ್‌ನಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ವೆಲ್ಲಿಂಗ್ಟನ್‌ನ ಮದ್ರಾಸ್ ಸೆಂಟರ್‌ಗೆ ಹೋದ ನನ್ನ ಗೆಳೆಯನಿಗೆ ತಮಿಳು, ಮಲಯಾಳ, ಹಿಂದಿ ಮೂರೂ ಒಟ್ಟಿಗೆ ತಲೆ ಮೇಲೆ ಬಿದ್ದಿತ್ತು. ಈಗ ಅವನು ಮೂರರಲ್ಲೂ ಬೈಯುತ್ತಾನೆ.

ಮತ್ತೆ, ಅವ್ವನಿಗೆ ಹೇಳಿ, ಮೊದಲ ಕೆಲವು ವಾರ ಫೋನ್ ಯಾವಾಗ ಬೇಕಾದರೂ ಬರುವುದಿಲ್ಲ. ಫೋನ್ ಬರಲಿಲ್ಲ ಅಂದರೆ ಏನೋ ಆಯಿತು ಅಂತಲ್ಲ.

---

ಕರದಂಟು_ಗೋಕಾಕ

ಎಲ್ಲರಿಗೂ ಕೈ ಮುಗಿದು ನಮಸ್ಕಾರ. ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಶನಿವಾರ ಊರಿಗೆ ಹೋಗಿ ಎಲ್ಲಾ ಉತ್ತರಗಳನ್ನೂ ಅವ್ವನಿಗೆ ಓದಿ ಹೇಳಿದೆ, ಕೊಪ್ಪದ ಅವರ ಭಾಗ ಬಿಡೋಣ ಅಂದುಕೊಂಡಿದ್ದೆ, ಆಮೇಲೆ ಅದನ್ನೂ ಓದಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು "ಆ ಉಸ್ತಾದ ಖರೆ ಹೇಳ್ಯಾನ" ಅಂದಳು. ಹೋರಿ ಮಾತಿಗೆ ಅಪ್ಪ ಮೊದಲ ಸಲ ಬಾಯಿ ಬಿಟ್ಟು ನಕ್ಕರು, ನಮ್ಮ ಮನೆಯ ಹೋರಿ ಕೊರಡು ಸಮೇತ ಕಬ್ಬಿನ ಗದ್ದೆಗೆ ನುಗ್ಗಿದ್ದನ್ನು ನೆನೆಸಿಕೊಂಡು.

ತಮ್ಮನಿಗೆ ರಸ್ತೆ ಓಟ ಬಿಡಿಸಿದ್ದೇನೆ. ಕಾಲುವೆ ಪಕ್ಕದ ಮಣ್ಣಿನ ದಾರಿಯಲ್ಲಿ ಬೆನ್ನಿಗೆ ಗೊಬ್ಬರದ ಚೀಲದಲ್ಲಿ ಮರಳು ತುಂಬಿಕೊಂಡು ನಡೆದ. ಎರಡು ಕಿಲೋಮೀಟರಿಗೆ ಏದುಸಿರು ಬಿಟ್ಟ, ರ‍್ಯಾಲಿಯ ಹೀರೋ. ಅಂಕಿ 29, 39, 49 ಅಷ್ಟೂ ತಪ್ಪು ಹೇಳುತ್ತಾನೆ, ತಂಗಿ ಪರೀಕ್ಷೆ ತೆಗೆದುಕೊಳ್ಳುತ್ತಿದ್ದಾಳೆ. ಖಾಲಿ ರೈಫಲ್ ಇಲ್ಲದ್ದಕ್ಕೆ ಸಲಿಕೆ ಹಿಡಿಕೆ ಮೇಲೆ ನಾಣ್ಯ ಇಟ್ಟುಕೊಂಡು ಅಂಗಳದಲ್ಲಿ ಮಲಗಿದ್ದ, ಅಕ್ಕಪಕ್ಕದವರು ಬಂದು ನೋಡಿ ಹೋದರು.

ಟ್ರಂಕಿಗೆ ಎರಡು ಬೀಗ ತಂದಿದ್ದೇವೆ ಸರ್. ಇನ್ನೇನಾದರೂ ಬೇಕಾ?

---

ಮಾಜಿ_ಹವಾಲ್ದಾರ್_ಸವದತ್ತಿ

ಸಲಿಕೆ ಹಿಡಿಕೆ ಚಲೋ ಐಡಿಯಾ, ನನಗೇ ಹೊಳೆದಿರಲಿಲ್ಲ.

ಬೀಗ ಎರಡು ಸಾಕು, ಆದರೆ ಕೀಲಿ ಜೇಬಲ್ಲಿ ಇಡಬಾರದು, ಫ್ರಂಟ್ ರೋಲ್‌ನಲ್ಲಿ ಬಿದ್ದು ಹೋಗುತ್ತದೆ. ಉಡದಾರಕ್ಕೆ ಕಟ್ಟಿಕೊಳ್ಳಲಿ. ಇನ್ನೊಂದು ಕೀಲಿ ಬಡ್ಡಿ ಹತ್ತಿರ.